ಇಳಿಜಾರಿನಲ್ಲಿ ಎರಡನೆಯ ಗೇರು

ನಮ್ಮ ಸೊಸೆಗೆ ಕಳೆದ ವರ್ಷ ನಾಗಮಂಗಲ ತಾಲ್ಲೂಕಿನ ಹಳ್ಳಿಯೊಂದರ ಶಾಲೆಗೆ ವರ್ಗವಾಯಿತು. ನಮ್ಮ ವಾಸ ಪಾಂಡವಪುರದಲ್ಲಿ. ಮಗನ ಉದ್ಯೋಗ ಬೆಂಗಳೂರಿನಲ್ಲಿ. ಅವನು ಶನಿವಾರ ರಾತ್ರಿ ಬಂದು ಸೋಮವಾರ ಕೋಳಿ ಕೂಗುವ ಮುನ್ನ ಹೊರಡತಕ್ಕವನು. ಬಸ್ಸನ್ನೇ ನಂಬಿದರೆ ಪ್ರಾರ್ಥನೆಯ ಗಂಟೆಗೆ ಶಾಲೆ ಮುಟ್ಟುವುದು ದುಸ್ತರವಾದುದರಿಂದ, ಆಕೆ ತಾನೇ ಕಾರು ನಡೆಸಿಕೊಂಡು ಹೋಗಿಬರತಕ್ಕದ್ದೆಂದು ಮನೆಯಲ್ಲಿ ತೀರ್ಮಾನವಾಯಿತು. ತವರೂರಾದ ಕೃಷ್ಣರಾಜಪೇಟೆಯಲ್ಲಿ ಮದುವೆಗೆ ಮುನ್ನವೇ ಚಾಲನೆ ಕಲಿತು ಪರವಾನಗಿಯನ್ನೂ ಪಡೆದಿದ್ದಳು. ಆದರೆ ಪರವಾನಗಿ ಪೆಟ್ಟಿಗೆಯೊಳಗಿತ್ತು. ಕೈಗೆ ಅಭ್ಯಾಸ ತಪ್ಪಿಹೋಗಿತ್ತು.

ಮೊದಲ ದಿನ ನಾನು ಪಕ್ಕದಲ್ಲಿ ಕುಳಿತೆ. ಹೊರಡುವುದು, ವೇಗ ಹೆಚ್ಚಿಸುವುದು, ಒಂದರಿಂದ ನಾಲ್ಕನೆಯ ಗೇರಿಗೆ ಏರುವುದು, ಎಲ್ಲವೂ ಸರಾಗವಾಗಿಯೇ ನಡೆಯಿತು. ಊರ ಹೊರಗೆ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಎದುರಿಗೆ ತೆವಳುತ್ತ ಸಿಕ್ಕಿತು. ನಾಲ್ಕರಿಂದ ಎರಡಕ್ಕೆ ಇಳಿಯಬೇಕಾಯಿತು ನೋಡಿ, ಕಾರು ಮುಗ್ಗರಿಸಿದ ಎತ್ತಿನಂತೆ ಮೂತಿ ತಗ್ಗಿಸಿ ಜಗ್ಗಿತು. ಹಿಂದಿನ ಆಸನದಲ್ಲಿದ್ದ ನಮ್ಮ ಮನೆಯವರು ಬಾಗಿಲ ಮೇಲಿನ ಹಿಡಿಯನ್ನು ಬಲವಾಗಿ ಹಿಡಿದುಕೊಂಡರು. ಸೊಸೆ ನಾಚಿಕೊಂಡು, “ಮಾವನವರೇ, ಏರುವುದು ಬರುತ್ತದೆ, ಇಳಿಯುವುದೇ ಬರುವುದಿಲ್ಲ. ಕಲಿಸಿದವರೂ ಅದನ್ನು ಹೇಳಿಕೊಡಲಿಲ್ಲ” ಎಂದಳು.

ಓಲೆಗರಿ, ವ್ಯಾಕರಣ, ಪಾಠಾಂತರ ಎಂದು ಬರೆಯುತ್ತ ಬಂದವನು ಗೇರು ಕ್ಲಚ್ಚುಗಳಿಗೆ ಕೈಹಾಕಿದನಲ್ಲ ಎಂದು ಓದುಗ ಬಂಧುಗಳು ಹುಬ್ಬೇರಿಸಬಾರದು. ಇಂದು ನಮ್ಮ ಎಷ್ಟೋ ಮನೆಗಳ ಅಂಗಳದಲ್ಲಿ ಕಾರು ನಿಂತಿದೆ. ಹೆಣ್ಣುಮಕ್ಕಳು ಅದನ್ನು ನಡೆಸುತ್ತಿದ್ದಾರೆ. ಅದು ಸಂತೋಷದ ಸಂಗತಿ. ಅದಲ್ಲದೆ ಈ ವಿಷಯದಲ್ಲಿ ನಾನು ತೀರಿಸಬೇಕಾದ ಋಣವೊಂದು, ಒಪ್ಪಿಕೊಳ್ಳಬೇಕಾದ ತಪ್ಪೊಂದು ಉಳಿದಿದೆ.

ಮೊದಲು ಋಣದ ಮಾತು. ನಾನು ಮಠದ ಪಾಠಶಾಲೆಯಲ್ಲಿ ಬೆಳೆದವನು. ತಂದೆಯವರು ಕಿಕ್ಕೇರಿಯ ಕಡೆಯ ಸಣ್ಣ ಒಕ್ಕಲಿನವರು. ಹತ್ತನೆಯ ವಯಸ್ಸಿನಲ್ಲಿ ನನ್ನನ್ನು ಮಠಕ್ಕೆ ಒಪ್ಪಿಸಿ ಹೋದರು. ಅಲ್ಲಿ ಅಂಬಾಸಡರ್ ಕಾರೊಂದಿತ್ತು. ಅದರ ಚಾಲಕರನ್ನು ವಿದ್ಯಾರ್ಥಿಗಳೆಲ್ಲ ‘ಸಾರಥಿಗಳು’ ಎಂದೇ ಕರೆಯುತ್ತಿದ್ದೆವು. ಅವರು ಹಲವು ವರ್ಷ ಲಾರಿ ನಡೆಸಿ ಬಂದವರು, ಸಹಿ ಹಾಕುವಷ್ಟು ಮಾತ್ರ ಅಕ್ಷರ ಬಲ್ಲವರು. ವಯಸ್ಸಾದಂತೆ ರಾತ್ರಿಯ ಹೊತ್ತು ಅವರ ಕಣ್ಣು ಮಂಜಾಗತೊಡಗಿತು. “ಹುಡುಗರಲ್ಲಿ ಒಬ್ಬನಾದರೂ ಕಲಿತಿರಲಿ” ಎಂದು ಬುದ್ಧಿಯವರ ಅಪ್ಪಣೆಯಾಯಿತು. ಹೀಗೆ ೧೯೭೯ರಲ್ಲಿ, ಶಬ್ದರೂಪ ಧಾತುರೂಪಗಳನ್ನು ಉರುಹೊಡೆಯುತ್ತಿದ್ದ ನಾನು ಸಾರಥಿಗಳ ಶಿಷ್ಯನಾದೆ.

ಒಂದು ವಾರ ಅವರು ನನಗೆ ಸ್ಟಿಯರಿಂಗನ್ನು ಮುಟ್ಟಗೊಡಲಿಲ್ಲ. ಹಿಂದಿನ ಆಸನದಲ್ಲಿ ಕಣ್ಣು ಮುಚ್ಚಿ ಕೂರಿಸಿ, “ಈಗ ಎಷ್ಟನೆಯ ಗೇರು?” ಎಂದು ಕೇಳುವರು. ಎಂಜಿನ್ನಿನ ಸ್ವರವನ್ನು ಕಿವಿಯಿಂದ ಗುರುತಿಸಿ ಉತ್ತರ ಹೇಳಬೇಕು. ನಾನು ಸರಿಯಾಗಿ ಹೇಳಿದಾಗ ಅವರಿಗೆ ಸಂತೋಷ; ಆದರೆ ಗೇರು ಬದಲಾದ ಗಳಿಗೆಯನ್ನೇ ನಾನು ಹಿಡಿದುಬಿಟ್ಟರೆ ಅವರಿಗೆ ಬೇಸರ, ಏಕೆಂದರೆ ಅದು ಅವರ ಕೈಯ ದೋಷ! ಬುದ್ಧಿಯವರಿಗೆ ಪ್ರಯಾಣದಲ್ಲಿ ನಿದ್ರೆ ಹತ್ತುವ ಅಭ್ಯಾಸವಿತ್ತು. “ಇಳಿಗೇರಿಗೆ ಬುದ್ಧಿಯವರು ಕಣ್ಣು ಬಿಟ್ಟರೆ, ನೀನು ಕಾರು ನಡೆಸಲಿಲ್ಲ, ಎಳೆದಾಡಿದೆ ಎಂದು ಅರ್ಥ” ಎನ್ನುತ್ತಿದ್ದರು ಸಾರಥಿಗಳು.

ಕಾರು ಏಕೆ ಜಗ್ಗುತ್ತದೆಂಬುದನ್ನು ಸೊಸೆಗೆ ವಿವರಿಸಿದಂತೆಯೇ ಇಲ್ಲಿಯೂ ಹೇಳುವೆ. ಕಾರಣ ತಿಳಿಯದ ವಿಧಿಯನ್ನು ಮನಸ್ಸು ಬೇಗ ಮರೆಯುತ್ತದೆ. ಎಂಜಿನ್ನಿಗೂ ಚಕ್ರಗಳಿಗೂ ನಡುವೆ ಗೇರುಪೆಟ್ಟಿಗೆ ದುಭಾಷಿಯಂತೆ ನಿಂತಿದೆ. ಪೆಟ್ಟಿಗೆಯಿಂದ ಹೊರಡುವ ದಂಡ ಒಂದು ಸುತ್ತು ತಿರುಗಲು, ಮೂರನೆಯ ಗೇರಿನಲ್ಲಿ ಎಂಜಿನ್ ೧.೩ ಸುತ್ತು, ಎರಡನೆಯದರಲ್ಲಿ ೨ ಸುತ್ತು, ಒಂದನೆಯದರಲ್ಲಿ ೩.೫ ಸುತ್ತು ತಿರುಗಬೇಕೆಂದು ಇಟ್ಟುಕೊಳ್ಳೋಣ. ಸಣ್ಣ ಕಾರುಗಳ ಲೆಕ್ಕ ಸರಿಸುಮಾರು ಹೀಗೆಯೇ ಇರುತ್ತದೆ. ಮೂರರಲ್ಲಿ ಹೋಗುತ್ತಿರುವಾಗ ಎಂಜಿನ್ ನಿಮಿಷಕ್ಕೆ ೨೦೦೦ ಸುತ್ತು ತಿರುಗುತ್ತಿದ್ದರೆ, ಅದೇ ವೇಗದಲ್ಲಿ ಎರಡಕ್ಕೆ ಇಳಿದೊಡನೆ ಅದು ೩೦೦೦ಕ್ಕೂ ತುಸು ಮಿಗಿಲಾಗಿ ತಿರುಗಬೇಕು. ನಾವು ಮಾಡುವುದೇನು? ಕ್ಲಚ್ ಒತ್ತುತ್ತೇವೆ, ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತೇವೆ. ಎಂಜಿನ್ ೧೦೦೦ದ ಕಡೆಗೆ ಇಳಿದುಹೋಗುತ್ತಿರುತ್ತದೆ. ಬೇಕಾದದ್ದು ೩೦೦೦, ಇರುವುದು ೧೦೦೦. ಈ ಸಾಲವನ್ನು ಯಾರಾದರೂ ತೀರಿಸಲೇಬೇಕಲ್ಲ! ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ಹಿಡಿದು ತಿರುಗಿಸತೊಡಗುತ್ತವೆ. ಕಾರಿನ ಓಟ ಆ ಕೆಲಸಕ್ಕೆ ಒಮ್ಮೆಗೇ ವ್ಯಯವಾಗುತ್ತದೆ. ಅದೇ ಜಗ್ಗು. ಕ್ಲಚ್ ಬಿಡುವ ಮುನ್ನ ಬಲಗಾಲಿನಿಂದ ಆಕ್ಸಿಲರೇಟರನ್ನು ಹಗುರವಾಗಿ ಮುಟ್ಟಿ ಎಂಜಿನ್ನಿನ ಸ್ವರವನ್ನು ಮೇಲೇರಿಸಿಕೊಂಡರೆ ಸಾಲ ಮೊದಲೇ ಸಂದಾಯವಾಗುತ್ತದೆ, ಜಗ್ಗು ಇರುವುದಿಲ್ಲ.

ಇಷ್ಟೇ ವಿದ್ಯೆ. ಆದರೆ ನಿಧಾನಿಸಬೇಕಾದ ಹೊತ್ತಿನಲ್ಲಿ ವೇಗದ ಕಡ್ಡಿಯನ್ನು ಮುಟ್ಟುವುದು ಬುದ್ಧಿಗೆ ಒಗ್ಗಿದರೂ ಕಾಲಿಗೆ ಒಗ್ಗುವುದಿಲ್ಲ. ಆ ಅಳುಕು ನನ್ನನ್ನು ಎಲ್ಲಿಗೆ ಒಯ್ದಿತೆಂಬುದನ್ನು ಮುಂದೆ ಹೇಳುತ್ತೇನೆ.

“ಗೇರು ಸದ್ದಿಲ್ಲದೆ ಬೀಳುತ್ತದಲ್ಲ, ಮತ್ತೇಕೆ ಜಗ್ಗುತ್ತದೆ?” ಎಂದು ಸೊಸೆ ಕೇಳಿದ ಪ್ರಶ್ನೆ ಬಹಳ ಯೋಗ್ಯವಾದುದು. ಈಗಿನ ಪೆಟ್ಟಿಗೆಗಳಲ್ಲಿ ಹಲ್ಲುಗಳು ಕೂಡುವ ಮುನ್ನ ಹಿತ್ತಾಳೆಯ ಉಂಗುರವೊಂದು ಎದುರಿನ ಗಾಲಿಯ ಶಂಕುವಿನಾಕಾರದ ಭಾಗಕ್ಕೆ ಒರಸಿಕೊಂಡು ಎರಡರ ವೇಗವನ್ನೂ ಸಮ ಮಾಡುತ್ತದೆ. ಇದಕ್ಕೆ ಸಿಂಕ್ರೊಮೆಷ್ ಎಂದು ಹೆಸರು. ೧೯೨೮ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಮೊದಲು ಬಂದದ್ದು. ಆದರೆ ಆ ಉಂಗುರ ಸಮ ಮಾಡುವುದು ಪೆಟ್ಟಿಗೆಯ ಒಳಗಿನ ಗಾಲಿಗಳನ್ನು ಮಾತ್ರ. ಆಗ ಕ್ಲಚ್ ಒತ್ತಿರುವುದರಿಂದ ಎಂಜಿನ್ ಆ ಕೂಟದಿಂದ ಹೊರಗೇ ಉಳಿದಿರುತ್ತದೆ. ಗೇರು ಮೌನವಾಗಿ ಬಿದ್ದದ್ದು ಉಂಗುರದ ಗುಣ. ಕಾರು ಮೃದುವಾಗಿ ಇಳಿಯುವುದು ಚಾಲಕನ ಕಾಲಿನ ಗುಣ.

ಹಿತ್ತಾಳೆ ಎಂದೊಡನೆ ನಾಗಮಂಗಲವನ್ನು ನೆನೆಯದಿರಲಾರೆ. ಲೋಹದ ಕೆಲಸಕ್ಕೆ ಹೆಸರಾದ ಊರು ಅದು. ಒಮ್ಮೆ ನನ್ನ ಕಾರಿನ ಪೆಟ್ಟಿಗೆಯನ್ನು ಬಿಚ್ಚಿದಾಗ ದೊರೆತ ಸವೆದ ಉಂಗುರವೊಂದನ್ನು ಅಲ್ಲಿಯ ಎರಕದ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಒಳಮೈಯನ್ನು ಬೆರಳಿನಿಂದ ಸವರಿ, “ಇದು ಕಾಲಕ್ಕೆ ಸವೆದದ್ದಲ್ಲ ಸ್ವಾಮಿ, ಅವಸರಕ್ಕೆ ಸವೆದದ್ದು” ಎಂದರು. ಕಾರನ್ನು ಎಂದೂ ನಡೆಸದವರು! ನಾನು ಉಂಗುರವನ್ನು ಜೇಬಿಗೆ ಹಾಕಿಕೊಂಡು ಸುಮ್ಮನೆ ಬಂದೆ.

ಮಠದ ಅಂಬಾಸಡರಿನಲ್ಲಿ ಎರಡು, ಮೂರು, ನಾಲ್ಕನೆಯ ಗೇರುಗಳಿಗೆ ಈ ಅನುಕೂಲವಿತ್ತು, ಒಂದನೆಯದಕ್ಕೆ ಇರಲಿಲ್ಲ. ಕಾರು ಪೂರ್ತಿ ನಿಲ್ಲದೆ ಒಂದಕ್ಕೆ ಹಾಕಹೋದರೆ ಗರಗರನೆ ಹಲ್ಲು ಕಡಿಯುತ್ತಿತ್ತು. ಅದಕ್ಕೆ ಸಾರಥಿಗಳು ಲಾರಿಯ ವಿದ್ಯೆಯನ್ನು ಪ್ರಯೋಗಿಸುವರು. ಕ್ಲಚ್ ಒತ್ತಿ ಗೇರನ್ನು ನಡುವಿನ ನ್ಯೂಟ್ರಲ್‌ಗೆ ತರುವುದು. ಅಲ್ಲಿಯೇ ಕ್ಲಚ್ ಬಿಟ್ಟು ಒಮ್ಮೆ ಆಕ್ಸಿಲರೇಟರ್ ಒತ್ತುವುದು. ಮತ್ತೆ ಕ್ಲಚ್ ಒತ್ತಿ ಒಂದಕ್ಕೆ ಹಾಕುವುದು. ನಡುವೆ ಕ್ಲಚ್ ಬಿಡುವುದೇಕೆಂದರೆ, ಬಿಟ್ಟಾಗ ಮಾತ್ರವೇ ಎಂಜಿನ್ನಿನ ವೇಗ ಪೆಟ್ಟಿಗೆಯ ಒಳಗಿನ ದಂಡಕ್ಕೆ ತಲಪುತ್ತದೆ. ಇದಕ್ಕೆ ಚಾಲಕರ ಭಾಷೆಯಲ್ಲಿ ಡಬಲ್ ಕ್ಲಚ್ ಎಂದು ಹೆಸರು. ನನಗೆ ಇದು ಕೈವಶವಾಗಲು ಮೂರು ತಿಂಗಳು ಹಿಡಿಯಿತು. ಸಂಧಿಪ್ರಕರಣಕ್ಕೂ ಅಷ್ಟು ಕಾಲ ಹಿಡಿದಿರಲಿಲ್ಲ. ಶ್ರೀರಂಗಪಟ್ಟಣದ ಕೋಟೆಯ ಇಕ್ಕಟ್ಟಿನ ಬಾಗಿಲೊಳಗೆ, ಎದುರು ಗಾಡಿಗೆ ಎಡೆಗೊಟ್ಟು, ನಿಲ್ಲದೆಯೇ ಎರಡರಿಂದ ಒಂದಕ್ಕೆ ಸದ್ದಿಲ್ಲದೆ ಇಳಿದ ದಿನ ಸಾರಥಿಗಳು ನನ್ನ ಬೆನ್ನಿನ ಮೇಲೆ ಒಂದು ಗುದ್ದು ಕೊಟ್ಟರು. ನನ್ನ ವಿದ್ವತ್ ಪದವಿಯ ಪ್ರಮಾಣಪತ್ರ ಎಲ್ಲಿದೆಯೋ ಹುಡುಕಬೇಕು; ಆ ಗುದ್ದು ಬೆನ್ನಿನ ಮೇಲೆ ಇನ್ನೂ ಇದೆ.

ಇಳಿಜಾರಿನ ವಿಷಯದಲ್ಲಿ ಅವರದು ಒಂದೇ ಮಾತು: ಹತ್ತಿದ ಗೇರಿನಲ್ಲಿಯೇ ಇಳಿಯಬೇಕು. ಇದನ್ನು ಕೇಳಿದಾಗ ನನಗೆ ತಂದೆಯವರ ಎತ್ತಿನ ಗಾಡಿ ಕಣ್ಣಿಗೆ ಕಟ್ಟಿತು. ಹೇಮಗಿರಿಯ ದನಗಳ ಜಾತ್ರೆಯಿಂದ ತಂದ ಜೋಡಿ ಅದು. ಹೇರಿದ ಗಾಡಿ ಇಳುಕಲಿಗೆ ಬಂದಾಗ ಭಾರವೆಲ್ಲ ಮುಂದಕ್ಕೆ ನುಗ್ಗಿ ನೊಗ ಎತ್ತುಗಳ ಕೊಂಬಿನ ಕಡೆಗೆ ಜರುಗುತ್ತದೆ. ಎತ್ತುಗಳು ಕಾಲೂರಿ, ಕೊರಳು ಹಿಂದಕ್ಕೆ ಕೊಟ್ಟು, ಗಾಡಿಯನ್ನು ತಡೆಯುತ್ತ ಹೆಜ್ಜೆಹೆಜ್ಜೆಯಾಗಿ ಇಳಿಯುತ್ತವೆ. ತಂದೆಯವರು ಇಳುಕಲು ಆರಂಭವಾಗುವ ಮೊದಲೇ ಕೆಳಗಿಳಿದು ಹಗ್ಗ ಬಿಗಿಹಿಡಿದು ಎತ್ತುಗಳ ಪಕ್ಕದಲ್ಲಿ ನಡೆಯುತ್ತಿದ್ದರು. ಇಳುಕಲಿನ ಮಧ್ಯದಲ್ಲಿ ಹಗ್ಗ ಜಗ್ಗಿದವನಿಗೆ ಗಾಡಿಯೂ ಇಲ್ಲ ಎತ್ತೂ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕೆಳಗಿನ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಎಂಜಿನ್ ಮಾಡುವುದು ಅದೇ ಎತ್ತಿನ ಕೆಲಸ. ಕಾರಿನ ಭಾರ ಚಕ್ರಗಳ ಮೂಲಕ ಎಂಜಿನ್ನನ್ನು ತಿರುಗಿಸಬೇಕಾಗಿ ಬಂದು, ಆ ಪ್ರಯಾಸದಲ್ಲಿ ವೇಗ ತಗ್ಗುತ್ತದೆ. ಬ್ರೇಕುಗಳಿಗೆ ವಿಶ್ರಾಂತಿ ದೊರೆಯುತ್ತದೆ. ನ್ಯೂಟ್ರಲ್ ಮಾಡಿ ಇಳಿಯುವುದೆಂದರೆ ಎತ್ತುಗಳನ್ನು ಬಿಚ್ಚಿ ಗಾಡಿಯನ್ನು ಉರುಳಿಬಿಟ್ಟಂತೆ.

ಇಷ್ಟನ್ನೆಲ್ಲ ಬಲ್ಲವನೇ ನಾನು ಅದನ್ನು ಮಾಡಿದೆ.

೧೯೯೨ರಲ್ಲಿ ನಾನು ನಾಗಮಂಗಲದಲ್ಲಿ ಅಧ್ಯಾಪಕನಾಗಿದ್ದೆ. ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತಿನಲ್ಲಿ ಓಲೆಗರಿಗಳನ್ನು ನೋಡುವ ಕಾರ್ಯ ಆಗಾಗ ಇರುತ್ತಿತ್ತು. ಯಾರೋ ಬಳಸಿಬಿಟ್ಟ ಹಳೆಯ ಅಂಬಾಸಡರೊಂದನ್ನು ಸಾಲ ಮಾಡಿ ಕೊಂಡಿದ್ದೆ. ಸಂಬಳದ ಒಂದು ಪಾಲು ಪೆಟ್ರೋಲಿಗೇ ಹೋಗುತ್ತಿತ್ತು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಎಷ್ಟೋ ಉಳಿಯುತ್ತದೆಂದು ಸಹೋದ್ಯೋಗಿಯೊಬ್ಬರು ಹೇಳಿದ ಮಾತು ಕಿವಿಗೆ ಹಿತವಾಗಿತ್ತು. ನಾಲ್ಕೈದು ಸಲ ಹಾಗೆಯೇ ಇಳಿದೆ, ಏನೂ ಆಗಲಿಲ್ಲ. ಏನೂ ಆಗದಿದ್ದುದೇ ನನ್ನ ದುರದೃಷ್ಟ.

ಆ ಸಂಜೆ ನಮ್ಮ ಮನೆಯವರೂ ಜೊತೆಯಲ್ಲಿದ್ದರು. ಮೇಲುಕೋಟೆಯಿಂದ ಜಕ್ಕನಹಳ್ಳಿಯ ಕಡೆಗೆ ಇಳಿಯತೊಡಗಿದೊಡನೆ ನ್ಯೂಟ್ರಲ್ ಮಾಡಿದೆ. ಕಾರು ನಿಶ್ಶಬ್ದವಾಗಿ ಹಗುರವಾಗಿ ಜಾರಿತು. ಒಂದೆರಡು ತಿರುವುಗಳಲ್ಲಿ ಬ್ರೇಕು ಚೆನ್ನಾಗಿಯೇ ಹಿಡಿಯಿತು. ಮುಂದಿನದರಲ್ಲಿ ಹೆಚ್ಚು ಒತ್ತಬೇಕಾಯಿತು. ಸುಟ್ಟ ವಾಸನೆ ಬಂತು. ಅದರ ಮುಂದಿನದರಲ್ಲಿ ಎಷ್ಟು ಒತ್ತಿದರೂ ಕಾರು ನಿಧಾನವಾಗಲೊಲ್ಲದು. ಡ್ರಮ್ಮುಗಳು ಕಾದುಬಿಟ್ಟರೆ ಬ್ರೇಕು ಇದ್ದೂ ಇಲ್ಲದಂತಾಗುತ್ತದೆಂಬುದು ಪುಸ್ತಕದಲ್ಲಿ ಓದಿದ ವಿಷಯ. ಕಾಲಿನ ಕೆಳಗೆ ಅದನ್ನು ಅನುಭವಿಸುವುದು ಬೇರೆ. ಎರಡನೆಯ ಗೇರಿಗೆ ಹಾಕಲು ಹೋದೆ. ಅಷ್ಟು ವೇಗದಲ್ಲಿ, ಎಂಜಿನ್ ಸುಮ್ಮನೆ ಗುನುಗುತ್ತಿರುವಾಗ, ಅದು ಒಳಗೆ ಹೋಗಲಿಲ್ಲ, ಕಿರುಚಿತು. ಏನು ಮಾಡಬೇಕೆಂಬುದು ನನಗೆ ತಿಳಿದಿತ್ತು. ಕ್ಲಚ್ ಬಿಟ್ಟು, ಆಕ್ಸಿಲರೇಟರನ್ನು ಆಳಕ್ಕೆ ಒತ್ತಿ, ಎಂಜಿನ್ನನ್ನು ಚಕ್ರಗಳ ವೇಗಕ್ಕೆ ಏರಿಸಿಕೊಂಡು, ಮತ್ತೆ ಕ್ಲಚ್ ಒತ್ತಿ ಹಾಕಬೇಕು. ಸಾರಥಿಗಳ ಧ್ವನಿ ಕಿವಿಯಲ್ಲಿಯೇ ಇತ್ತು. ಆದರೆ ಬ್ರೇಕು ಹಿಡಿಯದ ಕಾರಿನಲ್ಲಿ, ತಿರುವು ಎದುರಿಗೆ ನುಗ್ಗಿ ಬರುತ್ತಿರುವಾಗ, ನನ್ನ ಬಲಗಾಲು ಬ್ರೇಕನ್ನು ಬಿಟ್ಟು ಆಕ್ಸಿಲರೇಟರಿನ ಮೇಲೆ ಹೋಗಲೊಲ್ಲದು. ಬಲ್ಲ ವಿದ್ಯೆ ಬೇಕಾದ ಗಳಿಗೆಯಲ್ಲಿ ಕಾಲಿಗೆ ಬರಲಿಲ್ಲ. ಕೊನೆಗೆ ಎಡಗಡೆಯ ಮಣ್ಣಿನ ದಿಬ್ಬಕ್ಕೆ ಕಾರನ್ನು ಉಜ್ಜಿಸಿ ನಿಲ್ಲಿಸಿದೆ.

ನನಗೆ ತರಚುಗಾಯವೂ ಆಗಲಿಲ್ಲ. ನಮ್ಮ ಮನೆಯವರು ಎದುರಿನ ಹಲಗೆಗೆ ಎಡಗೈ ಊರಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು. ಕೂಡಿಕೊಂಡಿತು, ಆದರೆ ನೇರವಾಗಿ ಕೂಡಲಿಲ್ಲ. ಇಷ್ಟಲಿಂಗವನ್ನು ಇರಿಸಿಕೊಳ್ಳುವ ಅಂಗೈ ಅದು. ಪೂಜೆಯ ಹೊತ್ತಿನಲ್ಲಿ ಅವರಿಗೆ ಆ ಅಂಗೈಯನ್ನು ಬಹುಹೊತ್ತು ಸಮವಾಗಿ ಹಿಡಿಯಲಾಗದು, ನಡುಗುತ್ತದೆ. ಅಂದಿನಿಂದ ಇಂದಿನವರೆಗೂ ಮೊಳಕೈ ಕೆಳಗೆ ಒಂದು ಸಣ್ಣ ದಿಂಬನ್ನು ಇರಿಸಿಕೊಂಡು ಪೂಜೆಗೆ ಕೂರುತ್ತಾರೆ. ಪ್ರತಿ ಬೆಳಗ್ಗೆ ನನ್ನ ಪೂಜೆ ಮುಗಿಸಿ ಕಣ್ಣು ತೆರೆದಾಗ ಎದುರಿಗೆ ಕಾಣುವುದು ಆ ದಿಂಬು.

ಅದಕ್ಕಿಂತ ಹೀನವಾದ ಕೆಲಸವನ್ನು ನಾನು ಆಮೇಲೆ ಮಾಡಿದೆ. ನೋಡಲು ಬಂದ ಬಂಧುಗಳಿಗೆಲ್ಲ “ಬ್ರೇಕು ಕೈಕೊಟ್ಟಿತು” ಎಂದೆ. ಅದರ ಹಿಂದಿನ ವಾರವಷ್ಟೇ ಕಾರಿನ ಕೆಲಸ ಮಾಡಿಕೊಟ್ಟಿದ್ದ ಮೆಕ್ಯಾನಿಕ್ ಓಡಿಬಂದು, ಹತ್ತು ಜನರ ಎದುರಿಗೆ, “ನಾನು ಸರಿಯಾಗಿಯೇ ನೋಡಿದ್ದೆ ಸ್ವಾಮಿ” ಎಂದು ಕಣ್ಣಲ್ಲಿ ನೀರು ತಂದುಕೊಂಡ. ಯಾರೋ ಅವನನ್ನು ಗದರಿದರು. ನಾನು ಕೇಳಿಸಿಕೊಂಡು ಸುಮ್ಮನೆ ಕುಳಿತಿದ್ದೆ. ಶಾಸ್ತ್ರ ಓದಿದವನು, ಅಧ್ಯಾಪಕ. ನನ್ನ ಮಾತನ್ನು ಯಾರು ಸಂಶಯಿಸುವರು? ಅವನು ಕೆಲವು ವರ್ಷಗಳಲ್ಲಿ ಊರು ಬಿಟ್ಟ. ಎಲ್ಲಿದ್ದಾನೆಂದು ತಿಳಿಯದು.

ಇರಲಿ, ಸೊಸೆಯ ಪಾಠಕ್ಕೆ ಬರುತ್ತೇನೆ. ಎರಡು ತಿಂಗಳು, ಬೆಳಗಿನ ಜಾವದಲ್ಲಿ, ತೊಣ್ಣೂರು ಕೆರೆಯ ದಾರಿಯಲ್ಲಿ ಅಭ್ಯಾಸ ಮಾಡಿಸಿದೆ. ಮೊದಲು ಬ್ರೇಕಿನಿಂದ ವೇಗ ತಗ್ಗಿಸು, ಆಮೇಲೆ ಗೇರು ಇಳಿಸು ಎಂದು ಮೊದಲ ಪಾಠ. ಅತಿವೇಗದಲ್ಲಿ ಕೆಳಗಿನ ಗೇರಿಗೆ ನೂಕಿದರೆ ಎಂಜಿನ್ ತನ್ನ ಮಿತಿಯನ್ನು ಮೀರಿ ತಿರುಗಿ ಕೆಡುತ್ತದೆ. ಮಳೆಯ ದಿನವಾದರೆ ಚಕ್ರಗಳೇ ಹಿಡಿತ ತಪ್ಪಿ ಜಾರುತ್ತವೆ. ಗೇರಿನ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಸುಕಬಾರದು. ಅಂಗೈಯಿಂದ ಒಯ್ದು, ನ್ಯೂಟ್ರಲಿನಲ್ಲಿ ಒಂದು ಉಸಿರಿನಷ್ಟು ತಡೆದು, ಕೆಳಗಿನ ಗೇರಿನ ಬಾಗಿಲಿಗೆ ಒರಗಿಸಬೇಕು. ಅದು ತ್ರಾಸವಿಲ್ಲದೆ ತಾನೇ ಒಳಗೆ ಹೋಗುತ್ತದೆ. ಕ್ಲಚ್ಚನ್ನು ಮೇಲಿನ ಅರ್ಧದವರೆಗೆ ಬೇಗ ಬಿಟ್ಟರೂ ಚಿಂತೆಯಿಲ್ಲ. ಹಿಡಿಯುವ ಬಿಂದುವಿನಲ್ಲಿ ಮಾತ್ರ ಕ್ಷಣಕಾಲ ನಿಲ್ಲಬೇಕು. ಮತ್ತೆ, ತಿರುವಿನ ಒಳಗೆ ಕ್ಲಚ್ ಒತ್ತಿಕೊಂಡು ಹೋಗುವ ಅಭ್ಯಾಸ ಆಕೆಗೆ ಇತ್ತು. ಅದೂ ನ್ಯೂಟ್ರಲಿನ ತಮ್ಮನೇ ಎಂದು ಬಿಡಿಸಲು ಬಹಳ ಶ್ರಮವಾಯಿತು.

ಏರಿನ ಪಾಠಕ್ಕೆ ಶ್ರೀರಂಗಪಟ್ಟಣದ ಕರಿಘಟ್ಟಕ್ಕೆ ಕರೆದೊಯ್ದೆ. ಏರಿನಲ್ಲಿ ಗೇರು ಇಳಿಸುವ ರೀತಿ ಬೇರೆ. ಎಂಜಿನ್ ಏದುಸಿರು ಬಿಡುವವರೆಗೆ ಕಾದರೆ ತಡವಾಯಿತು. ಸ್ವರ ಕುಗ್ಗತೊಡಗಿದೊಡನೆ ಇಳಿಸಬೇಕು, ಬೇಗನೆ ಇಳಿಸಬೇಕು, ಏಕೆಂದರೆ ಕ್ಲಚ್ ಒತ್ತಿದ ಕ್ಷಣದಿಂದ ಕಾರು ಓಟ ಕಳೆದುಕೊಳ್ಳುತ್ತಿರುತ್ತದೆ. ಒಂದನೆಯ ಗೇರನ್ನು ಮಾತ್ರ ಕಾರು ನಡಿಗೆಯ ವೇಗಕ್ಕೆ ಬಂದ ಮೇಲೆಯೇ ಕೇಳಬೇಕು. ಮೂರರಿಂದ ಎರಡಕ್ಕೆ ಇಳಿದರೆ ಎಂಜಿನ್ ಒಂದೂವರೆ ಪಾಲು ಏರಿದರೆ ಸಾಕು. ಎರಡರಿಂದ ಒಂದಕ್ಕೆ ಒಂದೂಮುಕ್ಕಾಲು ಪಾಲು ಏರಬೇಕು. ಮೆಟ್ಟಿಲು ಕೊನೆಯಲ್ಲಿ ಎತ್ತರ.

ಅಲ್ಲಿಂದ ಹಿಂದಿರುಗುವಾಗ ಮೈಸೂರು ಬೆಂಗಳೂರು ಹೊಸ ಹೆದ್ದಾರಿಯಿಂದ ಇಳಿದುಬರುತ್ತಿದ್ದ ಕಾರುಗಳನ್ನು ತೋರಿಸಿದೆ. ೨೦೨೩ರ ಮಾರ್ಚ್ ೧೨ರಂದು ಉದ್ಘಾಟನೆಯಾದ ಆ ದಾರಿಯಲ್ಲಿ ಬಹುಹೊತ್ತು ಬಂದವರ ಕಣ್ಣಿಗೆ ಅರವತ್ತರ ವೇಗವೂ ತೆವಳಿದಂತೆ ಕಾಣುತ್ತದೆ. ಊರದಾರಿಗೆ ಹೊರಳಿದಾಗಲೂ ಅದೇ ಅಮಲಿನಲ್ಲಿ ಬರುತ್ತಾರೆ. ಇಲ್ಲಿ ಎತ್ತಿನ ಗಾಡಿಯಿದೆ, ಕಬ್ಬಿನ ಟ್ರ್ಯಾಕ್ಟರುಗಳಿವೆ, ನಾಲೆಯ ಏರಿಗಳಿವೆ. ನಮ್ಮ ತಾಲ್ಲೂಕಿನ ಕನಗನಮರಡಿಯ ಬಳಿ ೨೦೧೮ರ ನವೆಂಬರ್ ೨೪ರಂದು ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು ೩೦ ಮಂದಿ ಪ್ರಾಣ ಕಳೆದುಕೊಂಡರು. ಶಾಲೆಯಿಂದ ಮನೆಗೆ ಹೊರಟ ಮಕ್ಕಳೂ ಅವರಲ್ಲಿದ್ದರು. ಅದರ ಕಾರಣಗಳ ವಿಚಾರ ಇಲ್ಲಿ ಬೇಡ. ಆದರೆ ನಾಲೆಯ ಪಕ್ಕದ ದಾರಿಗೆ ಬರುವಾಗ ನಾನು ಅಂದಿನಿಂದ ಮೊದಲೇ ಮೂರಕ್ಕೆ, ತಿರುವಿದ್ದರೆ ಎರಡಕ್ಕೆ ಇಳಿದಿರುತ್ತೇನೆ.

ಮಗನದು ಬೇರೆ ವಾದ. “ಅಪ್ಪಾಜಿ, ಈ ತೊಂದರೆಯೆಲ್ಲ ಏಕೆ? ತಾನೇ ಗೇರು ಬದಲಿಸುವ ಕಾರು ತೆಗೆದುಕೊಳ್ಳೋಣ” ಎನ್ನುತ್ತಾನೆ. ೨೦೧೪ರಲ್ಲಿ ಸೆಲೆರಿಯೊ ಬಂದಂದಿನಿಂದ ಅಂಥ ಗೇರು ಸಣ್ಣ ಕಾರುಗಳಿಗೂ ದೊರೆತಿದೆ. ಅದರಲ್ಲಿ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ಆಡಿಸುತ್ತದೆ. ಅದನ್ನು ನಾನು ಹಳಿಯುವುದಿಲ್ಲ. ಮಂಡಿನೋವಿನವರಿಗೆ, ಬೆಂಗಳೂರಿನ ಸಂದಣಿಗೆ, ಅದು ವರವೇ ಸರಿ. ಆದರೆ ಮುಂದೆ ಇಳಿಜಾರು ಬರಲಿದೆ ಎಂದು ಅಂಥ ಯಂತ್ರಕ್ಕೆ ಕಾಣುವುದಿಲ್ಲ. ಅಲ್ಲಿಯೂ ಕೈಯಿಂದ ಗೇರು ಹಿಡಿಸುವ ಒಂದು ಸ್ಥಾನವನ್ನು ಇಟ್ಟಿರುತ್ತಾರೆ, ಘಟ್ಟ ಇಳಿಯುವವನು ಅದನ್ನು ಬಳಸಬೇಕು. ಇನ್ನು ಪೆಟ್ರೋಲ್ ಉಳಿತಾಯದ ಮಾತು. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿದರೆ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ಚಕ್ರಗಳೇ ಅದನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಂತೆ ಪೆಟ್ರೋಲ್ ಸುಡುತ್ತಲೇ ಇರಬೇಕು. ಎಂಜಿನ್ನನ್ನೇ ಆರಿಸಿಬಿಟ್ಟರೆ ಬ್ರೇಕಿಗೆ ದೊರೆಯುವ ಸಹಾಯವೂ ಹೋಗಿ ಪೆಡಲು ಕಲ್ಲಿನಂತಾಗುತ್ತದೆ.

ಕಾರ್ತಿಕದ ಒಂದು ಭಾನುವಾರ ಮೇಲುಕೋಟೆಗೆ ಹೋಗೋಣವೆಂದು ನಾನೇ ಹೇಳಿದೆ. ನಮ್ಮ ಮನೆಯವರು ಹಿಂದಿನ ಆಸನದಲ್ಲಿ, ಎಂದಿನಂತೆ. ೧೯೯೨ರ ಮೇಲೆ ಅವರು ಯಾವ ಕಾರಿನಲ್ಲಿಯೂ ಮುಂದೆ ಕುಳಿತವರಲ್ಲ; ಇಳಿಜಾರು ಬಂದರೆ ಬಾಗಿಲ ಮೇಲಿನ ಹಿಡಿಯನ್ನು ಬಿಟ್ಟವರಲ್ಲ. ಸೊಸೆ ಜಕ್ಕನಹಳ್ಳಿಯಿಂದ ಚೆನ್ನಾಗಿಯೇ ಹತ್ತಿಸಿದಳು. ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಪುಳಿಯೋಗರೆ ತಿನ್ನುತ್ತಿದ್ದಾಗ ಆಕೆ, “ಇಳಿಯುವಾಗ ಬ್ರೇಕು ಕೈಕೊಟ್ಟರೆ ಏನು ಮಾಡುವುದು ಮಾವನವರೇ? ನಿಮಗೆ ಹಿಂದೆ ಇಲ್ಲಿಯೇ ಹಾಗಾಗಿತ್ತಂತೆ” ಎಂದಳು.

ಬ್ರೇಕು ಕೈಕೊಡಲಿಲ್ಲ ಎಂದೆ. ನ್ಯೂಟ್ರಲ್ ಮಾಡಿದ್ದನ್ನು ಹೇಳಿದೆ, ಗೇರು ಕಿರುಚಿದ್ದನ್ನು ಹೇಳಿದೆ, ಕಾಲು ಬಾರದಿದ್ದುದನ್ನೂ, ಆ ಮೆಕ್ಯಾನಿಕ್ಕನು ಅತ್ತದ್ದನ್ನೂ ಹೇಳಿದೆ. ಸೊಸೆಯ ಮುಖವನ್ನು ನೋಡಿಕೊಂಡೇ ಹೇಳಿದೆ. ಇನ್ನೊಂದು ಕಡೆಗೆ ತಿರುಗುವ ಧೈರ್ಯವಾಗಲಿಲ್ಲ.

ನಮ್ಮ ಮನೆಯವರು ಎಲೆಯನ್ನು ಮಡಿಸುತ್ತ, “ನನಗೆ ಅವತ್ತೇ ಗೊತ್ತಿತ್ತು” ಎಂದರು. “ಎಂಜಿನ್ನಿನ ಸದ್ದು ಮೊದಲ ತಿರುವಿನಲ್ಲಿಯೇ ಬಿದ್ದುಹೋಗಿತ್ತಲ್ಲ. ನೀವೇ ಹೇಳುತ್ತೀರಿ ಎಂದು ಇದ್ದೆ.” ಸ್ವಲ್ಪ ಹೊತ್ತು ಬಿಟ್ಟು, “ಪಾಪ, ಆ ಹುಡುಗನಿಗೆ ನಾನೇ ಮಾರನೆಯ ವಾರ ಹೇಳಿಕಳಿಸಿದೆ, ನಿನ್ನ ತಪ್ಪಿಲ್ಲಪ್ಪ ಎಂದು” ಎಂದರು.

ಮೂವತ್ತಮೂರು ವರ್ಷ! ನಾನು ಕೈತೊಳೆಯಲು ಎದ್ದುಹೋದೆ.

ಇಳಿಯುವಾಗ ಸೊಸೆ ಮೇಲಿನ ತಿರುವಿಗೆ ಮುಂಚೆಯೇ ಬ್ರೇಕು ಮುಟ್ಟಿದಳು, ಮೂರಕ್ಕೆ ಬಂದಳು, ಒಂದು ಹಗುರವಾದ ಹುಂಕಾರದೊಡನೆ ಎರಡಕ್ಕೆ ಇಳಿದಳು. ಎಂಜಿನ್ ಒಂದೇ ಶ್ರುತಿಯಲ್ಲಿ ಗುಂಯ್ಗುಡುತ್ತ ಕಾರನ್ನು ಹಿಡಿದುಕೊಂಡು ಇಳಿಯಿತು. ಎದುರಿಗೆ ಹತ್ತಿಬಂದ ಬಸ್ಸಿಗೆ ನಿಯಮದಂತೆ ಬದಿಗೆ ಸರಿದು ದಾರಿ ಕೊಟ್ಟಳು. ನಿಂತದ್ದೂ ಹೊರಟದ್ದೂ ತಿಳಿಯಲಿಲ್ಲ. ನಾನು ಹಿಂದಕ್ಕೆ ತಿರುಗಿ ನೋಡಿದೆ. ನಮ್ಮ ಮನೆಯವರು ತಲೆಯನ್ನು ಒಂದು ಕಡೆಗೆ ಒರಗಿಸಿ ನಿದ್ರೆಹೋಗಿದ್ದರು. ಬಾಗಿಲ ಮೇಲಿನ ಹಿಡಿ ಬರಿದಾಗಿತ್ತು. ಎಡಗೈ ಮಡಿಲಲ್ಲಿ ಅಂಗಾತ ಬಿದ್ದಿತ್ತು.

ದಾರಿ ಸಮತಟ್ಟಾದ ಮೇಲೆ ಸೊಸೆ ಮೂರಕ್ಕೆ, ನಾಲ್ಕಕ್ಕೆ ಏರಿದಳು. ಪಾಂಡವಪುರದ ಕಡೆಗೆ ತಿರುಗುವಲ್ಲಿ ಹಿಂದಿನಿಂದ ನಿದ್ರೆಯ ಧ್ವನಿ ಬಂತು: “ಜಕ್ಕನಹಳ್ಳಿ ಬಂತೇ?”

“ಆಗಲೇ ದಾಟಿತು ಅತ್ತೆ” ಎಂದಳು ಸೊಸೆ.